ಚಿಕ್ಕ ಬಂದೂಕು ಮಾಡುವ ಗಾಯ

ಜಗಳೂರು ತಾಲ್ಲೂಕಿನ ನಮ್ಮ ಹೊಲದ ಬದುವಿನಲ್ಲಿ ಮೊನ್ನೆ ಮತ್ತೆ ಅದೇ ಮಾತು ಕಿವಿಗೆ ಬಿತ್ತು: “ಫೋರ್‌ಟೆನ್ ಅಲ್ಲೇನಣ್ಣ, ಅದ್ರಾಗ ಒಂದು ಮೊಲ, ಎರಡು ಕೌಜುಗ ಹೊಡೆದ್ರೆ ಏನಾತು?” ಫೋರ್‌ಟೆನ್ ಎಂದರೆ ಸಪೂರ ನಳಿಕೆಯ ಚರೆ ಬಂದೂಕು; ಗುಂಡಿನ ಬದಲು ಚರೆ, ಅಂದರೆ ಸಣ್ಣ ಸೀಸದ ಕಾಳುಗಳನ್ನು, ಹಾರಿಸುತ್ತದೆ. ಬಂದೂಕು ಚಿಕ್ಕದಾದರೆ ತಪ್ಪೂ ಚಿಕ್ಕದೆಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ದೊಡ್ಡ ಚರೆ ಬಂದೂಕಿನ ಹೆಸರು ಬರುವುದು ಗುಂಡಿನ ಲೆಕ್ಕದಿಂದ: ಒಂದು ಪೌಂಡ್ ಸೀಸದಿಂದ ನಳಿಕೆಗೆ ಸರಿಹೊಂದುವ ಹನ್ನೆರಡು ಗುಂಡುಗಳಾದರೆ ಅದು 12 ಬೋರ್. ಅದರ ನಳಿಕೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಫೋರ್‌ಟೆನ್‌ನ ಹೆಸರು ಮಾತ್ರ ನೇರವಾಗಿ ಅಳತೆಯಿಂದ ಬಂದದ್ದು: 0.410 ಇಂಚು, ಅಂದರೆ ಸುಮಾರು 10.4 ಮಿ.ಮೀ. ಎರಡೂವರೆ ಇಂಚಿನ ಅದರ ತೋಟಾದಲ್ಲಿ ಹಿಡಿಸುವುದು 14 ಗ್ರಾಂನಷ್ಟು ಚರೆ, 12 ಬೋರಿನದರ ಅರ್ಧ. ಚರೆ ಕಡಿಮೆಯಾದಷ್ಟೂ ದೂರ ಹೋದಂತೆ ಅದು ವಿರಳವಾಗಿ ಚದುರುತ್ತದೆ. ಇಪ್ಪತ್ತೈದು ಗಜ ದಾಟಿದರೆ ಮೊಲದ ಮೈಗೆ ತಗಲುವುದು ಕೆಲವೇ ಕಾಳು, ಅವೂ ಎಲ್ಲಿಗೆಂದು ಹೇಳಲಾಗದು.

ನಾನು ಏಳನೆಯ ತರಗತಿಯಲ್ಲಿದ್ದಾಗ ಬೆಳೆ ಕಾಯಲು ಇಂಥದೇ ಬಂದೂಕಿಗೆ ಪರವಾನಗಿ ಪಡೆದಿದ್ದ ನಮ್ಮ ಚಿಕ್ಕಪ್ಪ, ಮುಸ್ಸಂಜೆಯಲ್ಲಿ ಶೇಂಗಾ ಹೊಲದ ಅಂಚಿನ ಮೊಲವೊಂದಕ್ಕೆ ನಲವತ್ತು ಹೆಜ್ಜೆಯಿಂದ ಈಡು ಹಾರಿಸಿದರು. ಅದು ಪಲ್ಟಿ ಹೊಡೆದು, ಎದ್ದು, ಜಾಲಿ ಪೊದೆ ಸೇರಿತು. ಬ್ಯಾಟರಿ ಹಿಡಿದು ಹುಡುಕಿದರೂ ಸಿಗಲಿಲ್ಲ. ಮೂರನೆಯ ದಿನ ನಾಯಿ ತೋರಿಸಿದ ಜಾಗದಲ್ಲಿ ಅದಿನ್ನೂ ಉಸಿರಾಡುತ್ತಿತ್ತು. ಹಿಂಗಾಲು ಮುರಿದಿತ್ತು, ತೊಡೆಯ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಮೂರು ತೂತುಗಳು, ಅವುಗಳ ಸುತ್ತ ಚರ್ಮ ನೀಲಿಗಟ್ಟಿ ನೊಣ ಕುಳಿತಿದ್ದವು. ಚಿಕ್ಕಪ್ಪ ಟವೆಲ್ ಹಾಸಿ ಅದನ್ನು ಎತ್ತಿಕೊಂಡ ರೀತಿ ನನಗಿನ್ನೂ ನೆನಪಿದೆ.

1972ರ ವನ್ಯಜೀವಿ ಕಾಯ್ದೆಯಲ್ಲಿ ಆರಂಭದಲ್ಲಿ ಸಣ್ಣ ಬೇಟೆಗೂ ಪರವಾನಗಿಯ ಅವಕಾಶವಿತ್ತು, 1991ರ ತಿದ್ದುಪಡಿಯಿಂದ ಅದು ಹೋಯಿತು. ಬೆಳೆ ಕಾಯಲು ಕೊಟ್ಟ ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ ಎಂಬುದನ್ನು ಊರಿನಲ್ಲಿ ಹಲವರು ಇಂದಿಗೂ ಬೇಕೆಂದೇ ಮರೆಯುತ್ತಾರೆ. ನಮ್ಮ ತಾಲ್ಲೂಕಿನಲ್ಲೇ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಸಣ್ಣ ಹುಲ್ಲೆಗಾಗಿ ಘೋಷಿಸಿದ ರಂಗಯ್ಯನದುರ್ಗ ಅಭಯಾರಣ್ಯವಿದೆ. ರಾತ್ರಿ ತಲೆಗೆ ಲೈಟು ಕಟ್ಟಿಕೊಂಡು ಅದರ ಅಂಚಿನಲ್ಲಿ ಓಡಾಡುವ ಹುಡುಗರಿಗೆ, ಪೊದೆಯೊಳಗೆ ಹೊಳೆಯುವ ಎರಡು ಕಣ್ಣು ಮೊಲದ್ದೋ ಕೊಂಡುಕುರಿ ಮರಿಯದ್ದೋ ಹೇಗೆ ತಿಳಿಯಬೇಕು? ಇನ್ನು ಗುರಿ ತಪ್ಪಿದ ಚರೆಯೂ ಸುಮ್ಮನಿರುವುದಿಲ್ಲ. ಕಾಳು ಅರೆಯಲು ಹರಳು ನುಂಗುವ ಕೌಜುಗ, ಬೆಳವಗಳು ಸೀಸದ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ.

ಎಳೆ ಶೇಂಗಾವನ್ನು ಮೊಲ ಮೇಯುವುದು ಸುಳ್ಳಲ್ಲ; ಆ ನಷ್ಟ ನಮಗೂ ಆಗಿದೆ. ಆ ವರ್ಷದಿಂದ ಚಿಕ್ಕಪ್ಪ ಮೊಳಕೆಯ ಹೊತ್ತಿಗೆ ಮನೆಯ ಹಳೆಯ ಸೀರೆಗಳನ್ನೆಲ್ಲ ಬದುವಿನ ಗೂಟಗಳಿಗೆ ಕಟ್ಟಿ, ನೆಲ ಮುಟ್ಟುವ ಅಂಚಿನ ಮೇಲೆ ಕಲ್ಲು ಹೇರಿ, ರಾತ್ರಿಯಲ್ಲಿ ಡಬ್ಬ ಬಡಿಯುತ್ತಿದ್ದರು. ಈ ಮುಂಗಾರಿಗೂ ನಾವು ಕಟ್ಟಿದ್ದು ಸೀರೆಯನ್ನೇ.