ಹೆಗಲು ಮುಟ್ಟಿ ನೋಡುವ ಸರ್ಕಾರಗಳು

ಸರ್ಕಾರದ ಕಣ್ಗಾವಲಿನ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದರೆ ಸಿದ್ಧ ಉತ್ತರವೊಂದಿದೆ: ಕುಂಬಳಕಾಯಿ ಕಳ್ಳ ಎಂದರೆ ನೀವೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀರಿ? ಮೇಲ್ನೋಟಕ್ಕೆ ಸರಿಯೆನಿಸುವ ಈ ಮಾತು ಮುಖ್ಯವಾದ ಸಂಗತಿಯೊಂದನ್ನು ಮರೆಸಿಬಿಡುತ್ತದೆ. ದೂರು ಬಂದ ಮೇಲೆ ಶಂಕಿತನ ಹೆಗಲು ನೋಡುವುದು ತನಿಖೆ. ದೂರೇ ಇಲ್ಲದೆ ಎಲ್ಲರ ಹೆಗಲನ್ನೂ ದಿನವೂ ನೋಡಿ, ಅದರ ದಾಖಲೆಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದು ಬೇರೆಯೇ ವ್ಯವಹಾರ. ಮೊದಲನೆಯದರಲ್ಲಿ ಕಾರಣ ಕೊಡಬೇಕಾದದ್ದು ಸರ್ಕಾರ. ಎರಡನೆಯದರಲ್ಲಿ ಆ ಹೊರೆ ಸದ್ದಿಲ್ಲದೆ ನಾಗರಿಕನ ತಲೆಯ ಮೇಲೆ ಬಂದು ಕೂರುತ್ತದೆ. ನನ್ನ ತಕರಾರು ಇರುವುದೇ ಇಲ್ಲಿ.

ಅಮೆರಿಕದ ಡೆಟ್ರಾಯಿಟ್ ಪೊಲೀಸರು 2020ರ ಜನವರಿಯಲ್ಲಿ ಕಪ್ಪು ವರ್ಣೀಯ ವ್ಯಕ್ತಿಯೊಬ್ಬರನ್ನು ಅವರ ಮನೆಯ ಮುಂದೆ, ಹೆಂಡತಿ ಮತ್ತು ಪುಟ್ಟ ಹೆಣ್ಣುಮಕ್ಕಳ ಕಣ್ಣೆದುರೇ ಬಂಧಿಸಿದರು. 2018ರಲ್ಲಿ ಅಂಗಡಿಯೊಂದರಿಂದ ಕೈಗಡಿಯಾರಗಳು ಕಳವಾಗಿದ್ದವು. ಸಿಸಿಟಿವಿಯ ಮಸುಕು ಚಿತ್ರಕ್ಕೆ ಮುಖ ಗುರುತಿಸುವ ಸಾಫ್ಟ್‌ವೇರ್ ಹೊಂದಿಸಿದ್ದು ಇವರ ಹಳೆಯ ಚಾಲನಾ ಪರವಾನಗಿಯ ಫೋಟೋವನ್ನು. ಆಮೇಲೆ ಫೋಟೋಗಳ ಸಾಲಿನಿಂದ ಇವರನ್ನು ಗುರುತಿಸಿದ ವ್ಯಕ್ತಿ ಕಳವನ್ನು ಕಣ್ಣಾರೆ ಕಂಡವರೇ ಅಲ್ಲ, ಅದೇ ವಿಡಿಯೊ ನೋಡಿದ್ದವರು. ವಿಚಾರಣೆಯಲ್ಲಿ ಬಂಧಿತ ವ್ಯಕ್ತಿ ಆ ಚಿತ್ರವನ್ನು ತಮ್ಮ ಮುಖದ ಪಕ್ಕದಲ್ಲೇ ಹಿಡಿದು ಇದು ತಾನಲ್ಲವೆಂದು ತೋರಿಸಬೇಕಾಯಿತು. ಸುಮಾರು 30 ಗಂಟೆ ಅವರು ಬಂಧನದಲ್ಲಿದ್ದರು. ಯಂತ್ರ ಕೊಟ್ಟಿದ್ದು ಬರಿಯ ಊಹೆ. ಅದನ್ನು ಸಾಕ್ಷ್ಯವಾಗಿಸಿದ್ದು ಮನುಷ್ಯರ ಆಲಸ್ಯ. ಅವರೊಂದಿಗೆ 2024ರಲ್ಲಿ ಆದ ರಾಜಿ ಒಪ್ಪಂದದಲ್ಲಿ, ಮುಖ ಹೋಲಿಕೆಯ ಫಲಿತಾಂಶವನ್ನೇ ನಂಬಿ ಯಾರನ್ನೂ ಬಂಧಿಸುವುದಿಲ್ಲವೆಂದು ಅಲ್ಲಿನ ಪೊಲೀಸರು ಒಪ್ಪಬೇಕಾಯಿತು. ಹೇಳಿಸಿಕೊಳ್ಳದೆಯೇ ತಿಳಿದಿರಬೇಕಿದ್ದ ಮಾತು ಅದು.

ನಿಖರತೆ ಹೆಚ್ಚಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಸಣ್ಣದೊಂದು ಲೆಕ್ಕ ಮಾಡಿ ನೋಡಬೇಕು. ಶೇ 99.9ರಷ್ಟು ನಿಖರವಾದ ವ್ಯವಸ್ಥೆಯೊಂದು ಹತ್ತು ಲಕ್ಷ ಮುಖಗಳನ್ನು ತಪಾಸಣೆ ಮಾಡಿತೆನ್ನಿ. ಆ ಜನಸಂದಣಿಯಲ್ಲಿ ಪೊಲೀಸರಿಗೆ ಬೇಕಾದವರು ಹತ್ತೇ ಮಂದಿ ಇದ್ದರೆ, ಆ ಹತ್ತು ಮಂದಿಯ ಜೊತೆಗೆ ಸುಮಾರು ಒಂದು ಸಾವಿರ ನಿರಪರಾಧಿಗಳೂ ಶಂಕಿತರ ಸಾಲಿಗೆ ಸೇರುತ್ತಾರೆ. ಈ ತಪ್ಪುಗಳು ಎಲ್ಲರಿಗೂ ಸಮನಾಗಿಯೂ ಹಂಚಿಕೆಯಾಗುವುದಿಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆಯಾದ ನಿಸ್ಟ್ 2019ರಲ್ಲಿ ಮುಖ ಗುರುತಿಸುವ 189 ಅಲ್ಗಾರಿದಮ್‌ಗಳನ್ನು (ಸಾಫ್ಟ್‌ವೇರ್‌ನ ಲೆಕ್ಕದ ಸೂತ್ರಗಳನ್ನು) ಪರೀಕ್ಷಿಸಿದಾಗ, ಆಫ್ರಿಕಾ ಮತ್ತು ಏಷ್ಯಾ ಮೂಲದವರನ್ನು ಬೇರೆ ಯಾರೋ ಎಂದು ತಪ್ಪಾಗಿ ಗುರುತಿಸುವ ಪ್ರಮಾಣ ಹಲವು ಅಲ್ಗಾರಿದಮ್‌ಗಳಲ್ಲಿ ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಿತ್ತು. (ಎಲ್ಲವೂ ಹಾಗಿರಲಿಲ್ಲ, ಕೆಲವುಗಳಲ್ಲಿ ಈ ಅಂತರ ತೀರಾ ಕಡಿಮೆಯಿತ್ತು ಎಂಬುದನ್ನೂ ಹೇಳಬೇಕು. ಕೊಳ್ಳುವವರು ಯಾವುದನ್ನು ಕೊಳ್ಳುತ್ತಾರೆ ಎಂಬುದು ಬೇರೆ ಪ್ರಶ್ನೆ.)

ಒಂದು ವೇಳೆ ಯಂತ್ರ ಎಂದೂ ತಪ್ಪದಿದ್ದರೂ ನನ್ನ ತಕರಾರು ಉಳಿಯುತ್ತದೆ, ಏಕೆಂದರೆ ಅದನ್ನು ಯಾರತ್ತ ತಿರುಗಿಸಬೇಕೆಂದು ನಿರ್ಧರಿಸುವವರು ಮನುಷ್ಯರೇ. 2001ರ ದಾಳಿಯ ನಂತರ ನ್ಯೂಯಾರ್ಕ್ ಪೊಲೀಸರು ಮಸೀದಿಗಳು, ಕೆಫೆಗಳು ಮತ್ತು ವಿದ್ಯಾರ್ಥಿ ಸಂಘಗಳ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟು, ಯಾರು ಎಲ್ಲಿ ಏನು ಮಾತನಾಡಿದರೆಂದು ಬರೆದಿಟ್ಟರು. ಅದಕ್ಕೆಂದೇ ಇದ್ದ ಘಟಕದ ವರದಿಗಳಿಂದ ತಮ್ಮ ಅವಧಿಯಲ್ಲಿ ಒಂದು ಸುಳಿವೂ ಸಿಗಲಿಲ್ಲವೆಂದು ಗುಪ್ತಚರ ವಿಭಾಗದ ಹಿರಿಯ ಅಧಿಕಾರಿಯೇ 2012ರಲ್ಲಿ ಪ್ರಮಾಣ ಮಾಡಿ ಹೇಳಿದರು. ಸುಳಿವು ಸಿಗಲಿಲ್ಲ, ನಿಜ. ಆದರೆ ಒಂದಿಡೀ ಸಮುದಾಯ ಮಾತನಾಡುವ ಮುನ್ನ ಅಕ್ಕಪಕ್ಕ ನೋಡುವುದನ್ನು ಕಲಿಯಿತು. ಈ ಅಂಜಿಕೆ ಬರಿಯ ಕಲ್ಪನೆಯಲ್ಲ. 2013ರ ಜೂನ್‌ನಲ್ಲಿ ಗುಪ್ತಚರ ಸಂಸ್ಥೆಯ ಗುತ್ತಿಗೆ ನೌಕರನಾಗಿದ್ದ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಸಾಮೂಹಿಕ ಕಣ್ಗಾವಲನ್ನು ಬಯಲು ಮಾಡಿದ ಮೇಲೆ, ಭಯೋತ್ಪಾದನೆಗೆ ಸಂಬಂಧಿಸಿದ ವಿಕಿಪೀಡಿಯ ಲೇಖನಗಳನ್ನು ಓದುವವರ ಸಂಖ್ಯೆ ಇಳಿದದ್ದು ಅಧ್ಯಯನದಲ್ಲಿ ಕಂಡುಬಂದಿದೆ. ಓದುವುದು ಅಪರಾಧವಲ್ಲವೆಂದು ತಿಳಿದಿದ್ದೂ ಜನ ಹಿಂಜರಿದರು.

ಇನ್ನು ಮಾಹಿತಿಗಿರುವ ದೀರ್ಘಾಯುಷ್ಯ. ನೆದರ್ಲೆಂಡ್ಸ್ ತನ್ನ ಜನಸಂಖ್ಯಾ ನೋಂದಣಿಯಲ್ಲಿ ಧರ್ಮವನ್ನೂ ದಾಖಲಿಸುತ್ತಿದ್ದುದು ಆಡಳಿತದ ಅನುಕೂಲಕ್ಕೆಂದು. ನಾಜಿಗಳು ದೇಶವನ್ನು ಆಕ್ರಮಿಸಿದಾಗ ಯಹೂದಿಗಳನ್ನು ಹುಡುಕಲು ಅದೇ ಕಡತಗಳು ನೆರವಾದವು. ಆ ದಾಖಲೆಗಳನ್ನು ಸುಡಲೆಂದೇ 1943ರ ಮಾರ್ಚ್‌ನಲ್ಲಿ ಪ್ರತಿರೋಧ ಚಳವಳಿಯವರು ಆಮ್‌ಸ್ಟರ್‌ಡ್ಯಾಮ್‌ನ ನೋಂದಣಿ ಕಚೇರಿಗೆ ನುಗ್ಗಿದರು. ಇಂದಿನ ಸರ್ಕಾರವನ್ನು ನಂಬಿ ಮಾಹಿತಿ ಒಪ್ಪಿಸುವವರು ನಾಳೆ ಬರುವ ಸರ್ಕಾರಕ್ಕೂ ಅದನ್ನೇ ಒಪ್ಪಿಸುತ್ತಿದ್ದಾರೆ.

ಹಾಗೆಂದು ಪೊಲೀಸರು ಕಣ್ಣು ಕಟ್ಟಿಕೊಂಡು ಕೂರಲಿ ಎಂದು ನಾನು ಹೇಳುತ್ತಿಲ್ಲ. ಮುಖ ಗುರುತಿಸುವ ಕ್ಯಾಮೆರಾ ಬಳಸಿದ ಸೌತ್ ವೇಲ್ಸ್ ಪೊಲೀಸರ ವಿರುದ್ಧ 2020ರಲ್ಲಿ ತೀರ್ಪು ಕೊಟ್ಟ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ ತಂತ್ರಜ್ಞಾನವನ್ನೇ ನಿಷೇಧಿಸಲಿಲ್ಲ. ಯಾರ ಹೆಸರು ಶಂಕಿತರ ಪಟ್ಟಿಗೆ ಸೇರಬೇಕು, ಕ್ಯಾಮೆರಾ ಎಲ್ಲಿರಬೇಕು ಎಂಬುದನ್ನು ಪೊಲೀಸರ ಮರ್ಜಿಗೇ ಅತಿಯಾಗಿ ಬಿಡಲಾಗಿದೆ ಎಂದಿತು. ಸಾಫ್ಟ್‌ವೇರ್‌ನಲ್ಲಿ ಜನಾಂಗ ಅಥವಾ ಲಿಂಗದ ಪಕ್ಷಪಾತ ಇದೆಯೇ ಎಂದು ಅವರು ಸಾಕಷ್ಟು ಪರಿಶೀಲಿಸಿಲ್ಲ ಎಂದೂ ಹೇಳಿತು. ಇಂಥ ಯಂತ್ರ ಕೊಳ್ಳುವ ಯಾವುದೇ ಸರ್ಕಾರ ಟೆಂಡರ್ ಕರೆಯುವ ಮೊದಲೇ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಪ್ರಕಟಿಸಬೇಕು. ಸಂಗ್ರಹಿಸಿದ್ದನ್ನು ಅಳಿಸುವ ದಿನಾಂಕವೂ ಅದರಲ್ಲಿರಬೇಕು. ಭದ್ರತೆಯ ಹೆಸರಿನಲ್ಲಿ ವಿನಾಯಿತಿ ಬೇಕೆನ್ನುವ ಇಲಾಖೆ ಅದನ್ನು ತನಗೆ ತಾನೇ ಕೊಟ್ಟುಕೊಳ್ಳದೆ, ನ್ಯಾಯಾಧೀಶರ ಮುಂದೆ ನಿಂತು ಕಾರಣ ಹೇಳಿ ಪಡೆಯಲಿ.