ಹದ್ದಿನ ಕಲ್ಲು

ಸೇಡಂ ಕಡೆಯ ನಮ್ಮ ಹೊಲದ ಮೂಡಲ ಬದುವಿನಲ್ಲಿ ಒಂದು ಹದ್ದಿನ ಕಲ್ಲಿದೆ, ಅಂದರೆ ಎಲ್ಲೆಯ ಕಲ್ಲು. ಶಹಾಬಾದಿ ಫರಸಿಯ ತುಂಡು, ಮೊಳಕಾಲೆತ್ತರ. ಮೇಲೆ ಏನೂ ಕೊರೆದಿಲ್ಲ. ಆದರೂ ನಮ್ಮ ಮನೆಯಲ್ಲಿ ಅದರಷ್ಟು ಮಾತಿಗೆ ಬಂದ ದೇವರು ಇನ್ನೊಂದಿಲ್ಲ. ತೊಗರಿ ಬಿತ್ತುವ ಮುಂಚೆ ಮುತ್ಯಾ ಅದನ್ನೇ ದಿಟ್ಟಿಸಿ, "ಒಂದು ಗೇಣು ಈ ಕಡಿ ಸರದದ ನೋಡೋ" ಅಂತಿದ್ದ. ಕಲ್ಲು ಎಲ್ಲಿ ಸರಿಯುತ್ತದೆ? ಸವೆಯುವುದು ಬದು. ಪಕ್ಕದವನು ಗಳೆ ಹೊಡೆಯುವಾಗ ವರ್ಷಕ್ಕೆ ಒಂದೇ ಸಾಲು ಒತ್ತಿ ಹೊಡೆದರೆ ಸಾಕು.

ಈ ಗಳೆ ಎಂಬ ಮಾತೇ ತಮಾಷೆಯದು. ನಮಗದು ಎತ್ತು ಕಟ್ಟಿ ಹೂಡುವ ಗಳೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಅದು ನೆಲ ಅಳೆಯುವ ಕೋಲು. ಅದರ ಉದ್ದ ಎಲ್ಲ ಕಡೆ ಒಂದೇ ಅಲ್ಲ. ಅದರಿಂದ ಅಳೆದದ್ದು ಮತ್ತರು, ಮತ್ತರಿನ ಚೂರು ಕಮ್ಮ. ಮತ್ತರೆಂದರೆ ಎಷ್ಟು ಎಕರೆ ಎಂದು ಯಾರಾದರೂ ಕೇಳಿದರೆ, ಯಾವ ಊರಿನ ಗಳೆಯಿಂದ ಎಂದು ನಾವೇ ತಿರುಗಿ ಕೇಳಬೇಕು. ಅಂತೂ ಆಗ ಅಳೆದದ್ದೂ ಗಳೆ, ಈಗ ಬದು ತಿನ್ನುತ್ತಿರುವುದೂ ಗಳೆ.

ದತ್ತಿ ಬಿಟ್ಟ ಹೊಲಕ್ಕೆ ಗುರುತಿನ ಕಲ್ಲು ನೆಡುತ್ತಿದ್ದರು. ಶಿವಾಲಯದ್ದಾದರೆ ಲಿಂಗಮುದ್ರೆ, ಬಸದಿಯದಾದರೆ ಮುಕ್ಕೊಡೆ ಎಂಬ ಮೂರು ಕೊಡೆಗಳ ಗುರುತು, ವಿಷ್ಣುವಿನ ಕಡೆಯವರದಾದರೆ ವಾಮನಮುದ್ರೆ. ಮೂರು ಹೆಜ್ಜೆ ಕೇಳಿ ಮೂರು ಲೋಕ ಹೊಡೆದುಕೊಂಡವನನ್ನೇ ಒತ್ತುವರಿ ಕಾಯಲು ನಿಲ್ಲಿಸಿದರಲ್ಲ, ಅವರ ಧೈರ್ಯ ದೊಡ್ಡದು! ಅದೂ ಸಾಲದೆ ಶಾಸನದ ಕೊನೆಗೊಂದು ಶಾಪ: ನೆಲ ಕದ್ದವನು 60,000 ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ. ಎಲ್ಲೆ ಅಳೆದು ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರ ದಾರಿ ಕಾದವರಿಗೆ ಆ ಅವಧಿ ತೀರಾ ಹೆಚ್ಚೆನಿಸಲಿಕ್ಕಿಲ್ಲ.

ನನಗೆ ಶಾಪಕ್ಕಿಂತ ಎಲ್ಲೆ ಹೇಳುವ ಸಾಲುಗಳೇ ಇಷ್ಟ. ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಸುತ್ತು ಬಂದು, ಹಳ್ಳ, ಮರ, ಹುತ್ತ, ನಟ್ಟ ಕಲ್ಲು ಒಂದೊಂದನ್ನೇ ತೋರಿಸುತ್ತವೆ. ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ, ನಾವು ಸುತ್ತುವುದೂ ಹೀಗೇ. ಸಜ್ಜಿ ಕಡಬು, ಭಜ್ಜಿ ಪಲ್ಯ ಬುಟ್ಟಿಯಲ್ಲಿ ಹೊತ್ತು, ಬದುವಿನ ಗುಂಟ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಾ ನಡೆಯುತ್ತೇವೆ. ಪಹಣಿಯಲ್ಲಿ ಎಕರೆ, ಗುಂಟೆ ಏನೇ ಬರೆದಿರಲಿ, ಹೊಲ ನನಗೆ ಬಾಯಿಪಾಠವಾದದ್ದು ಆ ನಡಿಗೆಯಲ್ಲೇ.

ಮೂಡಲ ಬದುವಿಗೆ ಬಂದಾಗ ಮಾತ್ರ ಮುತ್ಯಾನ ಚರಗ ಕಲ್ಲು ದಾಟಿ ಒಂದು ಮೊಳ ಆಚೆಗೇ ಬೀಳುತ್ತಿತ್ತು.

"ಮುತ್ಯಾ, ಅದು ಅವರ ಹೊಲ ಅಲ್ಲೇನು?"

"ಗಾಳಿ ಭಾಳ ಅದನೋ ತಮ್ಮಾ" ಅನ್ನುತ್ತಿದ್ದ.