ಫಂಗಸ್ ಮಾತ್ರೆ ತಗೊಂಡರೆ ಎಆರ್‌ಟಿ ಕೆಲಸ ಮಾಡಲ್ವಾ? ಒಂದು ಸ್ಪಷ್ಟನೆ

‘ಎಚ್‌ಐವಿ ಇರುವವರು ಬಾಯಿಯ ಬಿಳಿ ಪದರಕ್ಕೆ ಫಂಗಸ್ ಮಾತ್ರೆ ನುಂಗಬಾರದು, ಎಆರ್‌ಟಿ (ಎಚ್‌ಐವಿ ಹತೋಟಿಯಲ್ಲಿಡುವ ಔಷಧ) ಕೆಲಸ ಮಾಡಲ್ಲ, ಜೇನು ಸವರಿದರೆ ಸಾಕು’ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. ನಂಬಿ ಸುಮ್ನೆ ಕೂತರೆ ಅಪಾಯ.

ಈ ಪದರಕ್ಕೆ ಕಾರಣ ಕ್ಯಾಂಡಿಡಾ ಎಂಬ ಫಂಗಸ್. ಕೆನ್ನೆಯ ಒಳಗೆ, ನಾಲಿಗೆ ಮೇಲೆ ಒಡೆದ ಮೊಸರಿನ ಹಾಗೆ ಕೂತಿರುತ್ತದೆ. ಒರೆಸಿದರೆ ಎದ್ದು ಬರುತ್ತದೆ, ಕೆಳಗೆ ಕೆಂಪಗಿರುತ್ತದೆ. ನಾಲಿಗೆಯ ಅಂಚಿನಲ್ಲಿ ಒರೆಸಿದರೂ ಹೋಗದ ಬಿಳಿ ಗೆರೆ ಇದ್ದರೆ ಅದು ಬೇರೆ ಸಮಸ್ಯೆ ಇರಬಹುದು, ಡಾಕ್ಟರಿಗೆ ತೋರಿಸಿ.

ಸಾಮಾನ್ಯವಾಗಿ ಕೊಡುವುದು ಫ್ಲುಕೊನಜೋಲ್ ಎಂಬ ಫಂಗಸ್ ಮಾತ್ರೆ, ದಿನಕ್ಕೆ 100ರಿಂದ 200 ಮಿ.ಗ್ರಾಂ, 7ರಿಂದ 14 ದಿನ. ಸೌಮ್ಯವಾಗಿದ್ದರೆ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಬಾಯಿಗೆ ಹಾಕುವ ಔಷಧವೂ ಆಗುತ್ತದೆ. ಎರಡೇ ದಿನಕ್ಕೆ ಹಗುರಾಯಿತು ಅಂತ ನಿಲ್ಲಿಸಬೇಡಿ.

ಈಗ ಹೆಚ್ಚಿನವರು ತೆಗೆದುಕೊಳ್ಳುವ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಇರುವ ಎಆರ್‌ಟಿ ಮಾತ್ರೆಯ ಕೆಲಸಕ್ಕೆ ಫ್ಲುಕೊನಜೋಲ್ ಅಡ್ಡಿ ಮಾಡುವುದಿಲ್ಲ. ಆದರೆ ಎಚ್‌ಐವಿಯ ಇನ್ನೊಂದು ಔಷಧ ನೆವಿರಪಿನ್, ರಕ್ತ ತೆಳುಮಾಡುವ ವಾರ್ಫರಿನ್ ಅಥವಾ ಕೆಲವು ಸಕ್ಕರೆ ಕಾಯಿಲೆ ಮಾತ್ರೆಗಳ ಪರಿಣಾಮ ಜಾಸ್ತಿ ಆಗಬಹುದು. ಗರ್ಭಿಣಿಯರೂ ಮೊದಲೇ ಹೇಳಬೇಕು. ಹಾಗಾಗಿ ಅಂಗಡಿಯಲ್ಲಿ ನೀವೇ ಕೇಳಿ ತರಬೇಡಿ.

ನುಂಗುವಾಗ ಎದೆಯಲ್ಲಿ ನೋವು, ಅನ್ನ ಸಿಕ್ಕಿಕೊಂಡಂತೆ ಆದರೆ ಫಂಗಸ್ ಅನ್ನನಾಳಕ್ಕೆ ಇಳಿದಿರಬಹುದು. ಆಗ 14ರಿಂದ 21 ದಿನದ ಚಿಕಿತ್ಸೆ ಬೇಕು, ಬಾಯಿಗೆ ಸವರುವ ಔಷಧ ಸಾಲದು. ಎಆರ್‌ಟಿ ಮೇಲಿದ್ದೂ ಪದೇಪದೇ ಬರುತ್ತಿದ್ದರೆ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಮತ್ತು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪರೀಕ್ಷೆ ಕೇಳಿ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಇವು ಉಚಿತ.